ಹಳೆಯ ಗುಳಿಗೆಗೆ ಹೊಸ ಹೊಣೆ

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಜನರಿಗೆ ಹೈದರಾಬಾದು ಇಂದಿಗೂ ದೊಡ್ಡಾಸ್ಪತ್ರೆಯ ಊರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ರೋಗಿಗಳನ್ನು ಹೊತ್ತ ವಾಹನಗಳು ಹಳೆಯ ದಾರಿಯನ್ನು ಬಿಟ್ಟಿಲ್ಲ. ಜಹೀರಾಬಾದಿನ ಮೇಲೆಯೋ ಮಹಬೂಬನಗರದ ಮೇಲೆಯೋ ಹಾದು ಅವು ಉಸ್ಮಾನಿಯಾ ಆಸ್ಪತ್ರೆಯ ಅಥವಾ ನಿಮ್ಸ್ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಹೀಗೆ ಬರುವವರಲ್ಲಿ ಅಪಘಾತದಲ್ಲಿ ತೊಡೆಯೆಲುಬು ಮುರಿದವರಿರುತ್ತಾರೆ, ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರಿದವರಿರುತ್ತಾರೆ, ಹೆರಿಗೆಯ ನಂತರ ರಕ್ತ ನಿಲ್ಲದ ಬಾಣಂತಿಯರಿರುತ್ತಾರೆ. ನಗರದಲ್ಲಿ ನೆಲೆಸಿರುವ ಕನ್ನಡಿಗನ ಮನೆಯ ದೂರವಾಣಿ ಅರ್ಧರಾತ್ರಿಯಲ್ಲಿ ಮೊಳಗುವುದು ಇಂಥ ಸಂದರ್ಭದಲ್ಲಿಯೇ. ಊರಿನಿಂದ ಬಂದವರು ಗಾಬರಿಯಲ್ಲಿರುತ್ತಾರೆ. ಕಾಗದಪತ್ರಗಳ ಭಾಷೆ ಅವರಿಗೆ ತಿಳಿಯದು. ಆದ್ದರಿಂದ ಸಹಿಯ ಹೊಣೆ ಇಲ್ಲಿಯ ಸೋದರಮಾವನ ಮೇಲೆಯೋ ಷಡ್ಡಕನ ಮೇಲೆಯೋ ಬೀಳುತ್ತದೆ. ಆ ಕಾಗದಗಳ ನಡುವೆ ಒಂದು ಹೊಸ ಔಷಧಿಯ ಅಥವಾ ಹೊಸ ಕೆಲಸಕ್ಕೆ ಹಚ್ಚಲಾದ ಹಳೆಯ ಔಷಧಿಯ ಪರೀಕ್ಷೆಗೆ ಒಪ್ಪಿಗೆ ಕೋರುವ ಪತ್ರವೂ ಇರಬಹುದು. ಸಹಿ ಮಾಡಬೇಕೆ, ಬೇಡವೆ? ಈ ಪ್ರಶ್ನೆಯನ್ನು ಸಮಾಧಾನದ ಹೊತ್ತಿನಲ್ಲಿ, ಅಂದರೆ ದೂರವಾಣಿ ಮೊಳಗುವ ಮೊದಲೇ, ಯೋಚಿಸಿಟ್ಟುಕೊಳ್ಳುವುದು ಲೇಸು.

ವಿಷಯದ ಮೂಲಕ್ಕೆ ಹೋಗುವುದಾದರೆ, ಹೊಟ್ಟೆಯ ಹುಣ್ಣಿಗೆಂದು ಬಂದ ಕೆಲವು ಔಷಧಿಗಳನ್ನು ತೀವ್ರ ರಕ್ತಸ್ರಾವದ ಸ್ಥಿತಿಯಲ್ಲಿ ಬಳಸಬಹುದೇ ಎಂಬ ವಿಚಾರ ಸಂಶೋಧಕರ ಮನಸ್ಸನ್ನು ಹಲವು ದಶಕಗಳಿಂದ ಸೆಳೆದಿದೆ. ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ ನರಗಳು ಜಠರಕ್ಕೆ ಆಮ್ಲವನ್ನು ಸುರಿಸುವ ಆಜ್ಞೆಯನ್ನು ರವಾನಿಸುತ್ತವೆ. ಆ ಆಜ್ಞೆಯನ್ನು ಸ್ವೀಕರಿಸುವ ಒಂದು ಬಗೆಯ ಗ್ರಾಹಕಗಳಿಗೆ, ವಿಷದ ಅಣಬೆಯಲ್ಲಿರುವ ಮಸ್ಕರಿನ್ ಎಂಬ ಪದಾರ್ಥದ ಹೆಸರು ಅಂಟಿಕೊಂಡಿದೆ. ಬ್ರಿಟಿಷ್ ವಿಜ್ಞಾನಿ ಹೆನ್ರಿ ಡೇಲ್ 1914ರಲ್ಲಿ ಮಾಡಿದ ವಿಂಗಡಣೆಯಿದು. ಈ ಗ್ರಾಹಕಗಳಿಗೆ ತಡೆಯೊಡ್ಡುವ ಔಷಧಿಗಳೇ ಮಸ್ಕರಿನ್-ನಿರೋಧಕಗಳು. ನಮ್ಮ ದತ್ತೂರಿಯಲ್ಲಿರುವ ಅಟ್ರೋಪಿನ್ ಇವುಗಳ ಹಿರಿಯಣ್ಣ. 1950ರ ದಶಕದಿಂದ ಎರಡು-ಮೂರು ದಶಕಗಳ ಕಾಲ ಹುಣ್ಣಿನ ರೋಗಿಗಳು ನುಂಗಿದ ಪ್ರೊಪ್ಯಾಂಥಲಿನ್, ಆಮೇಲೆ ಬಂದ ಪಿರೆಂಜೆಪಿನ್ ಇವೆಲ್ಲ ಅದೇ ವಂಶದವು. ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಎದೆ ಡವಗುಟ್ಟುವುದು ಈ ವಂಶದ ಗುಣ. ಹಿಂದಿನ ತಲೆಮಾರಿನ ಎಷ್ಟೋ ಗುಮಾಸ್ತರಿಗೆ ಇದು ನೆನಪಿರಬಹುದು.

1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಬಂದಿತು. 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದಿತು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹುಣ್ಣಿಗೆ ಮೂಲವಾದ ಬ್ಯಾಕ್ಟೀರಿಯವನ್ನು ಬೆಳಕಿಗೆ ತಂದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಷ್ಟಾದ ಮೇಲೆ ಮಸ್ಕರಿನ್-ನಿರೋಧಕಗಳಿಗೆ ಹುಣ್ಣಿನ ಚಿಕಿತ್ಸೆಯಲ್ಲಿ ಹೆಚ್ಚಿನ ಕೆಲಸ ಉಳಿಯಲಿಲ್ಲ. ನಿವೃತ್ತಿ ಹೊಂದಿದ ದಕ್ಷ ನೌಕರನಿಗೆ ಬೇರೊಂದು ಕೆಲಸ ಹುಡುಕುವಂತೆ ಸಂಶೋಧಕರು ಇಂಥ ಔಷಧಿಗಳಿಗೂ ಹೊಸ ಹೊಣೆಯನ್ನು ಹುಡುಕುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಳೆಯ ಔಷಧಿ ಅಗ್ಗ, ಅದರ ಗುಣದೋಷಗಳು ಪರಿಚಿತ. ಬಡ ದೇಶಗಳ ಮಟ್ಟಿಗೆ ಇದಕ್ಕಿಂತ ಯೋಗ್ಯವಾದ ಸಂಶೋಧನೆ ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ.

ಇನ್ನು ವೈದ್ಯರು 'ಷಾಕ್' ಎಂದು ಕರೆಯುವ ಸ್ಥಿತಿಯನ್ನು ಕುರಿತು ಎರಡು ಮಾತು. ಇದು ವಿದ್ಯುತ್ತಿನ ಷಾಕೂ ಅಲ್ಲ, ದುಃಖದ ಸುದ್ದಿ ಕೇಳಿ ಆಗುವ ಆಘಾತವೂ ಅಲ್ಲ. ಪ್ರಾಪ್ತವಯಸ್ಕನ ಶರೀರದಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಅದರಲ್ಲಿ 750 ಮಿಲಿಲೀಟರಿನವರೆಗೆ ಹೋದರೂ ದೇಹ ಹೇಗೋ ನಿಭಾಯಿಸುತ್ತದೆ. ನಷ್ಟ ಒಂದೂವರೆ ಲೀಟರನ್ನು ದಾಟಿತೆಂದರೆ ರಕ್ತದೊತ್ತಡ ಕುಸಿಯುತ್ತದೆ. ಎರಡು ಲೀಟರು ದಾಟಿದರೆ ಪ್ರಾಣಕ್ಕೇ ಕುತ್ತು. ದಿವಾಳಿಯ ಅಂಚಿಗೆ ಬಂದ ವ್ಯಾಪಾರಿ ಇಬ್ಬರು ಮುಖ್ಯ ಸಾಲಗಾರರಿಗೆ ಮಾತ್ರ ಹಣ ತೆತ್ತು ಉಳಿದವರಿಗೆಲ್ಲ ಬಾಗಿಲು ಹಾಕುವಂತೆ, ದೇಹವು ಹೃದಯ ಮತ್ತು ಮಿದುಳಿಗೆ ಮಾತ್ರ ರಕ್ತವನ್ನು ಕಾಯ್ದಿರಿಸಿ, ಚರ್ಮ, ಮೂತ್ರಪಿಂಡ, ಕರುಳುಗಳ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಕೈಕಾಲು ತಣ್ಣಗಾಗುತ್ತವೆ, ನಾಡಿ ಓಡುತ್ತದೆ, ಬಾಯಾರಿಕೆ ಹೆಚ್ಚುತ್ತದೆ, ಮೂತ್ರ ನಿಲ್ಲುತ್ತದೆ, ರೋಗಿ ಬಡಬಡಿಸತೊಡಗುತ್ತಾನೆ. ಈ ಬಿಗಿತ ಹೆಚ್ಚು ಹೊತ್ತು ಉಳಿದರೆ ಅಂಗಾಂಗಗಳು ಸೊರಗಿ, ಆಮೇಲೆ ರಕ್ತ ಕೊಟ್ಟರೂ ಚೇತರಿಸಿಕೊಳ್ಳಲಾರವು.

ಮಸ್ಕರಿನ್-ನಿರೋಧಕಗಳ ಆಸೆ ಹುಟ್ಟಿದ್ದು ಇಲ್ಲಿಯೇ. ಚೀನದ ವೈದ್ಯರು 1965ರ ಸುಮಾರಿಗೆ ಟಿಬೆಟ್ಟಿನ ಸೀಮೆಯ ಒಂದು ಗಿಡದಿಂದ ಅನಿಸೊಡಮಿನ್ ಎಂಬ ಕ್ಷಾರವನ್ನು ಬೇರ್ಪಡಿಸಿದರು. ಇದು ಅಟ್ರೋಪಿನ್ನಿನ ಸಮೀಪದ ಬಂಧು. ಜಠರ ಮತ್ತು ಕರುಳಿನ ಸೆಳೆತದ ನೋವಿಗೆ ಅಲ್ಲಿ ಬಳಕೆಯಲ್ಲಿದೆ. ಮಿದುಳುಪೊರೆಯ ಸಾಂಕ್ರಾಮಿಕ ಜ್ವರ, ವಿಷಮ ಆಮಶಂಕೆಗಳಿಂದ ಷಾಕ್‌ಗೆ ಒಳಗಾದ ರೋಗಿಗಳಿಗೆ ಇದನ್ನು ಕೊಟ್ಟಾಗ ಬಿಗಿದ ಸಣ್ಣ ನಾಳಗಳು ಸಡಿಲಿ ರಕ್ತಸಂಚಾರ ಸುಧಾರಿಸುತ್ತದೆ ಎಂದು ಅಲ್ಲಿಯ ವೈದ್ಯರು ಅಭಿಪ್ರಾಯಪಟ್ಟರು. ಮುಂದೆ ರಕ್ತ ಕಳೆದುಕೊಂಡ ಪ್ರಾಣಿಗಳ ಮೇಲೂ ಪ್ರಯೋಗಗಳಾದವು. ತರ್ಕವೇನೋ ಸೊಗಸಾಗಿದೆ. ಆದರೆ ತರ್ಕ ಸೊಗಸಾಗಿರುವುದು ಬೇರೆ, ರೋಗಿ ಬದುಕುವುದು ಬೇರೆ.

ಇಲ್ಲೊಂದು ತೊಡಕನ್ನು ಗಮನಿಸಬೇಕು. ರಕ್ತಸ್ರಾವದ ರೋಗಿಯ ಸ್ಥಿತಿಯನ್ನು ವೈದ್ಯರು ಮೊದಲು ಅಳೆಯುವುದು ನಾಡಿಯ ವೇಗದಿಂದ. ಈ ವಂಶದ ಔಷಧಿಗಳು ನಾಡಿಯ ವೇಗವನ್ನು ತಾವೇ ಹೆಚ್ಚಿಸುತ್ತವೆ. ಬಾಯನ್ನು ಒಣಗಿಸುತ್ತವೆ, ಪ್ರಮಾಣ ಹೆಚ್ಚಾದರೆ ಮತಿಭ್ರಮೆಯನ್ನೂ ತರುತ್ತವೆ. ಅಂದರೆ ರಕ್ತ ಇನ್ನೂ ಹರಿಯುತ್ತಿದೆಯೋ, ಔಷಧಿಯೇ ನಾಡಿಯನ್ನು ಓಡಿಸುತ್ತಿದೆಯೋ ತಿಳಿಯದಂಥ ಪರಿಸ್ಥಿತಿ ಉಂಟಾದೀತು. ಇದಲ್ಲದೆ ಬಿಗಿದ ನಾಳಗಳನ್ನು ಸಡಿಲಿಸುವುದು ಒಳ್ಳೆಯದೆಂಬ ಮಾತು ನಿಲ್ಲುವುದು, ತುಂಬಲು ರಕ್ತ ಸಿದ್ಧವಾಗಿದ್ದಾಗ ಮಾತ್ರ. ನೀರಿಲ್ಲದ ಊರಿನಲ್ಲಿ ಎಲ್ಲ ನಲ್ಲಿಗಳನ್ನೂ ತೆರೆದಿಟ್ಟರೆ ಏನು ಫಲ? ಇಂಥ ಸಂಶಯಗಳನ್ನು ಪ್ರಾಣಿಗಳ ಪ್ರಯೋಗವೊಂದೇ ನಿವಾರಿಸಲಾರದು.

ಈ ಮಾತಿಗೆ ಹೈದರಾಬಾದಿನ ಇತಿಹಾಸವೇ ಸಾಕ್ಷಿ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಳ್ವಿಕೆಯಲ್ಲಿ ಇಲ್ಲಿಯ ವೈದ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಲಾರಿ ಎಂಬುವರು ಕ್ಲೋರೋಫಾರಂನ ಮಹಾ ಪ್ರತಿಪಾದಕರು. ಕ್ಲೋರೋಫಾರಂ ಕೊಟ್ಟಾಗ ಕೆಲವು ರೋಗಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಹಠಾತ್ತನೆ ಸಾಯುತ್ತಿದ್ದರು. ಸಾವು ಹೃದಯ ನಿಂತು ಬರುತ್ತದೆಯೋ, ಉಸಿರು ನಿಂತು ಬರುತ್ತದೆಯೋ ಎಂಬುದು ಅಂದಿನ ವಿವಾದ. ಇದರ ತೀರ್ಮಾನಕ್ಕಾಗಿ 1888ರಲ್ಲಿ ಮೊದಲನೆಯ, 1889ರಲ್ಲಿ ಎರಡನೆಯ ಹೈದರಾಬಾದ್ ಕ್ಲೋರೋಫಾರಂ ಆಯೋಗ ನಡೆದವು. ಎರಡನೆಯದಕ್ಕೆ ನಿಜಾಮರು 1,000 ಪೌಂಡು ಕೊಟ್ಟರು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯರನ್ನು ಇಲ್ಲಿಗೆ ಕಳುಹಿಸಿತು. ನೂರಾರು ನಾಯಿಗಳನ್ನೂ ಇತರ ಪ್ರಾಣಿಗಳನ್ನೂ ಪ್ರಯೋಗಕ್ಕೆ ಬಳಸಲಾಯಿತು. ಉಸಿರೇ ಮೊದಲು ನಿಲ್ಲುತ್ತದೆ, ಆದ್ದರಿಂದ ವೈದ್ಯನು ಉಸಿರನ್ನು ಕಾಯ್ದರೆ ಸಾಕು, ನಾಡಿಯ ಗೊಡವೆ ಬೇಡ ಎಂದು ಆಯೋಗ ತೀರ್ಪಿತ್ತಿತು. ಜಗತ್ತೇ ಹೈದರಾಬಾದಿನತ್ತ ತಿರುಗಿ ನೋಡಿದ ದಿನಗಳವು.

ತೀರ್ಪು ಮಾತ್ರ ಪೂರ್ತಿ ಸರಿಯಾಗಿರಲಿಲ್ಲ. 1911ರ ಸುಮಾರಿಗೆ ಗುಡ್‌ಮನ್ ಲೆವಿ ಎಂಬ ವೈದ್ಯರು, ಕ್ಲೋರೋಫಾರಂ ಹಗುರವಾಗಿ ಕೊಟ್ಟಾಗಲೇ ಹೃದಯ ಅಡ್ಡಾದಿಡ್ಡಿಯಾಗಿ ಕಂಪಿಸಿ ನಿಲ್ಲಬಲ್ಲದೆಂದು ತೋರಿಸಿದರು. ಆಯೋಗದವರು ಪ್ರಾಮಾಣಿಕರು, ಶ್ರಮಿಗಳು, ಹಣಕ್ಕೂ ಕೊರತೆಯಿರಲಿಲ್ಲ. ಆದರೂ ಅವರು ನಾಯಿಗೆ ಕೇಳಿದ ಪ್ರಶ್ನೆಗೂ ಮೇಜಿನ ಮೇಲೆ ಮಲಗಿದ ಮನುಷ್ಯನ ಪ್ರಶ್ನೆಗೂ ಅಂತರವಿತ್ತು. ತಾನು ಮೊದಲೇ ನಂಬಿದ ಸಂಗತಿಯನ್ನು ಸಿದ್ಧಪಡಿಸಲು ಹೊರಟವನಿಗೆ ಪುರಾವೆ ದೊರೆಯುವುದು ಕಷ್ಟವಲ್ಲ. ತನ್ನ ಲೆಕ್ಕವನ್ನು ತಾನೇ ಪರಿಶೋಧಿಸಿಕೊಳ್ಳುವ ಗುಮಾಸ್ತನ ಸ್ಥಿತಿಯದು. ಆಯೋಗದ ಕಾಲದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಮೂಸಿ ಪ್ರವಾಹದಲ್ಲಿ ನಾಶವಾಗಿ, ಅದರ ಪರಂಪರೆ ಇಂದಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಮುಂದುವರಿದಿದೆ. ಆ ಆಸ್ಪತ್ರೆಯ ಗುಮ್ಮಟಗಳನ್ನು ದಿನನಿತ್ಯ ನೋಡುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಈ ಕತೆ ಗೊತ್ತು?

ಮನುಷ್ಯರ ಮೇಲೆಯೇ ಎಡವಿದ ಉದಾಹರಣೆಯೂ ಇದೆ. ರಕ್ತದ ಬದಲು ಕೊಡಬಹುದಾದ, ಸಂಸ್ಕರಿಸಿದ ಹಿಮೋಗ್ಲೋಬಿನ್ನಿನ ದ್ರಾವಣವೊಂದನ್ನು ಅಮೆರಿಕದಲ್ಲಿ ತೀವ್ರ ಗಾಯಾಳುಗಳ ಮೇಲೆ ಪರೀಕ್ಷಿಸಲಾಯಿತು. ಗಾಯಾಳುವಿಗೆ ಪ್ರಜ್ಞೆ ಇರುವುದಿಲ್ಲವಾದ್ದರಿಂದ, ಒಪ್ಪಿಗೆಯಿಲ್ಲದೆಯೇ ಸೇರಿಸಿಕೊಳ್ಳಲು ಅಲ್ಲಿಯ ಸರ್ಕಾರ 1996ರಲ್ಲಿ ಮಾಡಿದ ವಿಶೇಷ ನಿಯಮದ ಆಶ್ರಯ ಪಡೆಯಲಾಗಿತ್ತು. ಪ್ರಾಣಿಗಳಲ್ಲಿ ಭರವಸೆ ತೋರಿದ ಆ ದ್ರಾವಣವನ್ನು ಪಡೆದವರಲ್ಲಿ 28 ದಿನಗಳೊಳಗೆ ಶೇಕಡಾ 46 ಮಂದಿ ಸತ್ತರು. ಸಾಮಾನ್ಯ ಲವಣದ್ರಾವಣ ಪಡೆದವರಲ್ಲಿ ಸತ್ತವರು ಶೇಕಡಾ 17. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 1999ರಲ್ಲಿ ಪ್ರಕಟವಾದ ಈ ವರದಿ, ಷಾಕ್‌ಗೆ ಔಷಧಿ ಹುಡುಕುವವರೆಲ್ಲರ ಮೇಜಿನ ಮೇಲೆ ಇರತಕ್ಕದ್ದು.

ಹಾಗಾದರೆ ಪರೀಕ್ಷೆಯನ್ನೇ ಕೈಬಿಡಬೇಕೆ? ಖಂಡಿತ ಇಲ್ಲ. ಟ್ರಾನೆಕ್ಸಾಮಿಕ್ ಆಮ್ಲದ ವೃತ್ತಾಂತ ಅದಕ್ಕೆ ಉತ್ತರ. ಜಪಾನಿನ ಒಕಾಮೊಟೊ ದಂಪತಿಗಳು 1960ರ ದಶಕದ ಆದಿಯಲ್ಲಿ ಕಂಡುಹಿಡಿದ ಈ ಅಗ್ಗದ ಔಷಧಿ ರಕ್ತದ ಗರಣೆ ಕರಗದಂತೆ ತಡೆಯುತ್ತದೆ. 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ಇದರ ಪರೀಕ್ಷೆ ನಡೆದು 2010ರಲ್ಲಿ ಫಲಿತಾಂಶ ಹೊರಬಿದ್ದಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿ ಭಾಗವಹಿಸಿದ್ದವು. ಹುಸಿ ಔಷಧಿ ಪಡೆದವರಲ್ಲಿ ಶೇಕಡಾ 16, ನಿಜ ಔಷಧಿ ಪಡೆದವರಲ್ಲಿ ಶೇಕಡಾ 14.5 ಸಾವು. ಸಾವಿರ ಜನರಲ್ಲಿ ಹದಿನೈದು ಜೀವ ಉಳಿದಂತಾಯಿತು. ಔಷಧಿಯನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಲಾಭ. ತಡವಾದರೆ ಹಾನಿಯೇ ಆದೀತು ಎಂದೂ ಮರುವರ್ಷ ತಿಳಿಯಿತು. ಇದೇ ಔಷಧಿ ಹುಣ್ಣು ಮೊದಲಾದವುಗಳಿಂದ ಹೊಟ್ಟೆ-ಕರುಳಿನಲ್ಲಿ ಆಗುವ ರಕ್ತಸ್ರಾವಕ್ಕೂ ಒದಗೀತೆಂದು ಎಲ್ಲರೂ ನಂಬಿದ್ದರು. 15 ದೇಶಗಳ 12,009 ರೋಗಿಗಳನ್ನು ಎಣಿಸಿ ನೋಡಿದಾಗ, 2020ರಲ್ಲಿ ಆ ನಂಬಿಕೆ ಮುರಿದುಬಿತ್ತು. ಸಾವು ಕಡಿಮೆಯಾಗಲಿಲ್ಲ, ಅಭಿಧಮನಿಗಳಲ್ಲಿ ರಕ್ತ ಗರಣೆಗಟ್ಟುವ ಅಪಾಯ ಹೆಚ್ಚಾಯಿತು. ಒಂದೇ ಔಷಧಿ, ಒಂದೇ ರಕ್ತ; ಸ್ಥಳ ಬದಲಾದೊಡನೆ ಲೆಕ್ಕ ಬದಲಾಯಿತು. ಎಣಿಸದೇ ಇದ್ದಿದ್ದರೆ ಇಂದಿಗೂ ಹುಣ್ಣಿನ ರೋಗಿಗಳಿಗೆ ಅದನ್ನು ನಂಬಿಕೆಯಿಂದ ಕೊಡುತ್ತಿದ್ದರು.

ಹುಣ್ಣಿನ ಔಷಧಿಯೊಂದು ರಕ್ತಸ್ರಾವದಲ್ಲಿ ನಿಜವಾಗಿ ಜಯಿಸಿದ ಕತೆಗೆ ಕನ್ನಡ ನಾಡಿಗೇ ಬರಬೇಕು. ಮಿಸೊಪ್ರೊಸ್ಟಾಲ್ ಮಸ್ಕರಿನ್-ನಿರೋಧಕವಲ್ಲ, ಪ್ರೊಸ್ಟಗ್ಲಾಂಡಿನ್ ಎಂಬ ಬೇರೆ ವಂಶದ್ದು. ಪ್ರೊಪ್ಯಾಂಥಲಿನ್ನನ್ನು ಹೊರತಂದ ಸರ್ಲ್ ಕಂಪನಿಯೇ ಇದನ್ನೂ ಹೊರತಂದಿತು ಎಂಬುದು ಒಂದು ಕಾಕತಾಳೀಯ. ಕೀಲುನೋವಿನ ಗುಳಿಗೆಗಳಿಂದಾಗುವ ಜಠರದ ಹುಣ್ಣನ್ನು ತಡೆಯಲೆಂದು 1988ರಲ್ಲಿ ಇದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗರ್ಭಿಣಿಯರು ಇದನ್ನು ಮುಟ್ಟಕೂಡದು, ಏಕೆಂದರೆ ಇದು ಗರ್ಭಕೋಶವನ್ನು ಸಂಕುಚಿಸುತ್ತದೆ ಎಂಬುದು ಅಂದಿನ ಎಚ್ಚರಿಕೆ. ಆ ಎಚ್ಚರಿಕೆಯೇ ಮುಂದೆ ಉಪಯೋಗವಾಗಿ ಪರಿಣಮಿಸಿತು. ಹೆರಿಗೆಯಾದ ಮೇಲೆ ಗರ್ಭಕೋಶ ಸಂಕುಚಿಸದೆ ಸಡಿಲವಾಗಿ ಉಳಿದರೆ ರಕ್ತ ನಿಲ್ಲುವುದಿಲ್ಲ. ಬಾಣಂತಿಯರ ಸಾವಿಗೆ ದೊಡ್ಡ ಕಾರಣವೇ ಅದು. ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಉತ್ತಮವಾದದ್ದು. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರಿರಬೇಕು. ಗುಡಿಸಿಲಿನ ಹೆರಿಗೆಗೆ ಇವೆರಡೂ ಎಲ್ಲಿಂದ ಬರಬೇಕು?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತವರ ಸಂಗಡಿಗರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಡಗೂಡಿ, 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ಪರೀಕ್ಷೆ ನಡೆಸಿದರು. ಗುಳಿಗೆ ಕೊಟ್ಟವರು ತಜ್ಞರಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾದಿ-ಸೂಲಗಿತ್ತಿಯರು, ಹಳ್ಳಿಗರ ಬಾಯಲ್ಲಿ ನರ್ಸ್‌ಬಾಯಿಗಳು. ಯಾವ ತಾಯಿಗೆ ನಿಜವಾದ ಗುಳಿಗೆ, ಯಾವ ತಾಯಿಗೆ ಹುಸಿಗುಳಿಗೆ ಎಂಬುದು ಅವರಿಗೂ ತಿಳಿಯದಂತೆ ಏರ್ಪಾಡಾಗಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ರಕ್ತ ಎಷ್ಟು ಹೋಯಿತೆಂಬುದನ್ನು ಕಣ್ಣಂದಾಜಿಗೆ ಬಿಡಲಿಲ್ಲ. ಅಳತೆಯ ಗೆರೆಗಳಿರುವ ಚೀಲ ಜೋಡಿಸಿದ ಪ್ಲಾಸ್ಟಿಕ್ ಹಾಳೆಯೊಂದನ್ನು ಸಿದ್ಧಪಡಿಸಿ, ಹೆರಿಗೆಯಾದ ತಾಯಿಯ ಕೆಳಗೆ ಹಾಸಿ, ರಕ್ತವನ್ನು ಮಿಲಿಲೀಟರಿನ ಲೆಕ್ಕದಲ್ಲಿ ಅಳೆದರು. ಹಳೆಯ ಸೀರೆಯ ತುಂಡಿನಲ್ಲಿ ಇಂಗಿಹೋಗುತ್ತಿದ್ದ ರಕ್ತಕ್ಕೆ ಹೀಗೆ ಮೊದಲ ಬಾರಿಗೆ ಲೆಕ್ಕ ಸಿಕ್ಕಿತು.

ಫಲಿತಾಂಶ 2006ರ ಅಕ್ಟೋಬರಿನಲ್ಲಿ ಪ್ರಕಟವಾದದ್ದು ಅದೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ. ಹುಸಿಗುಳಿಗೆ ಪಡೆದವರಲ್ಲಿ ಶೇಕಡಾ 12 ತಾಯಂದಿರಿಗೆ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚಿನ ರಕ್ತಸ್ರಾವ. ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇಕಡಾ 6.4. ಒಂದು ಲೀಟರು ಮುಟ್ಟಿದ ತೀವ್ರ ಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ಚಳಿ, ಜ್ವರಗಳು ಹೆಚ್ಚಾದವು. ಅದನ್ನೂ ಮುಚ್ಚಿಡದೆ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅವಶ್ಯ ಔಷಧಿಗಳ ಪಟ್ಟಿಯಲ್ಲಿ, ಹೆರಿಗೆಯ ನಂತರದ ರಕ್ತಸ್ರಾವದ ತಡೆಗೂ ಮಿಸೊಪ್ರೊಸ್ಟಾಲನ್ನು ಸೇರಿಸಿತು. ಅಳತೆಯ ಹಾಳೆಯ ಯೋಗ್ಯತೆ ಇನ್ನೂ ತಡವಾಗಿ ತಿಳಿಯಿತು. ಆಫ್ರಿಕದ ನಾಲ್ಕು ದೇಶಗಳಲ್ಲಿ ಅಂಥದೇ ಹಾಳೆಯಿಂದ ರಕ್ತವನ್ನು ಅಳೆದು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇಕಡಾ 60ರಷ್ಟು ಕಡಿಮೆಯಾದುವೆಂದು 2023ರಲ್ಲಿ ವರದಿಯಾಯಿತು. ಔಷಧಿಗಿಂತ ಅಳತೆಗೋಲು ದೊಡ್ಡದಾದ ಪ್ರಸಂಗವಿದು!

ಬೆಳಗಾವಿಯ ಪರೀಕ್ಷೆಗೆ ಆಕ್ಷೇಪಗಳೂ ಬಂದವು. ಒಳ್ಳೆಯ ಔಷಧಿ ಲೋಕದಲ್ಲಿರುವಾಗ ಅರ್ಧದಷ್ಟು ತಾಯಂದಿರಿಗೆ ಹುಸಿಗುಳಿಗೆ ಕೊಟ್ಟದ್ದು ನ್ಯಾಯವೇ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಪ್ರಶ್ನೆ ಹಗುರವಾದುದಲ್ಲ. ಆದರೆ ಆ ಹಳ್ಳಿಗಳ ಮನೆಯ ಹೆರಿಗೆಗಳಿಗೆ ಆಕ್ಸಿಟೋಸಿನ್ ತಲುಪುತ್ತಲೇ ಇರಲಿಲ್ಲ ಎಂಬುದನ್ನು ನೆನೆದರೆ, ಪರೀಕ್ಷೆ ಯಾರಿಂದಲೂ ಏನನ್ನೂ ಕಸಿದುಕೊಳ್ಳಲಿಲ್ಲವೆಂದೇ ಹೇಳಬೇಕು. ಆ 1,620 ತಾಯಂದಿರು ಭಾಗವಹಿಸದಿದ್ದರೆ ಇಂದು ಲಕ್ಷಾಂತರ ಬಾಣಂತಿಯರಿಗೆ ಆ ಗುಳಿಗೆಯ ಆಸರೆ ಇರುತ್ತಿರಲಿಲ್ಲ. ದೊಡ್ಡವರ ಹೆಸರು ಪತ್ರಿಕೆಯಲ್ಲಿ ಉಳಿಯುತ್ತದೆ. ಆ ತಾಯಂದಿರ ಹೆಸರು ಎಲ್ಲಿಯೂ ಇಲ್ಲ.

ಇನ್ನು ಭಾರತದ್ದೇ ಆದ ಇತ್ತೀಚಿನ ಪ್ರಯತ್ನವೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಮೂಲತಃ ರಕ್ತದೊತ್ತಡವನ್ನು ತಗ್ಗಿಸುವ ಸಲುವಾಗಿ ಪರಿಶೀಲಿಸಲಾಗಿದ್ದ ಸೆಂಥಾಕ್ವಿನ್ ಎಂಬ ವಸ್ತು, ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಷಾಕ್‌ನಲ್ಲಿ ಹೃದಯಕ್ಕೆ ಮರಳುವ ರಕ್ತವನ್ನು ಹೆಚ್ಚಿಸುತ್ತದೆಂದು ಕಂಡುಬಂದು, 2020ರಲ್ಲಿ ಇದಕ್ಕೆ ದೇಶದಲ್ಲಿ ಅನುಮತಿ ದೊರೆಯಿತು. ಇಲ್ಲಿಯೂ ಹಳೆಯದಕ್ಕೆ ಹೊಸ ಹೊಣೆ. ಹೆಮ್ಮೆಪಡಬೇಕಾದ ವಿಚಾರವೇ. ಆದರೆ ಅನುಮತಿಗೆ ಆಧಾರವಾದ ಕೊನೆಯ ಹಂತದ ಪರೀಕ್ಷೆಯಲ್ಲಿದ್ದವರು 105 ರೋಗಿಗಳು. ಟ್ರಾನೆಕ್ಸಾಮಿಕ್ ಆಮ್ಲದ ಲಾಭ ಸಾವಿರಕ್ಕೆ ಹದಿನೈದು. ನೂರೈದು ಜನರ ಗುಂಪಿನಲ್ಲಿ ಅಂಥ ಲಾಭ ಒಂದೂವರೆ ಜೀವವಾಗುತ್ತದೆ. ಒಂದೂವರೆ ಜೀವದ ವ್ಯತ್ಯಾಸ ದೈವಯೋಗದಿಂದಲೂ ಬಂದೀತು. ಆದ್ದರಿಂದ ಸಾವಿನ ವಿಚಾರದಲ್ಲಿ ಕೊನೆಯ ಮಾತಾಡಲು ಇನ್ನೂ ದೊಡ್ಡ ಎಣಿಕೆ ಅಗತ್ಯ. ಬೇರೆ ದೇಶಗಳಿಂದ ಬಂದ ಔಷಧಿಗೆ ಯಾವ ತಕ್ಕಡಿಯೋ ಸ್ವದೇಶಿ ಔಷಧಿಗೂ ಅದೇ ತಕ್ಕಡಿ ಇರತಕ್ಕದ್ದು, ಮಸ್ಕರಿನ್-ನಿರೋಧಕಗಳಿಗೂ ಅದೇ. ಬೆಳಗಾವಿಯ ಗುಳಿಗೆ ಗೆದ್ದದ್ದು ಹುಣ್ಣಿನ ಔಷಧಿಯೆಂಬ ಕಾರಣಕ್ಕಲ್ಲ, ಎಣಿಕೆಗೆ ನಿಂತ ಕಾರಣಕ್ಕೆ.

ಸಹಿಯ ಪ್ರಶ್ನೆಗೆ ಮರಳೋಣ. ಹೆರಿಗೆಗೆ ತಿಂಗಳುಗಳ ಮುನ್ಸೂಚನೆಯಿರುತ್ತದೆ. ತಾಯಿಯನ್ನೇ ಕೇಳಿ, ವಿವರಿಸಿ, ಒಪ್ಪಿಗೆ ಪಡೆಯಬಹುದು. ಷಾಕ್‌ನಲ್ಲಿರುವ ರೋಗಿ ಬಡಬಡಿಸುತ್ತಿರುತ್ತಾನೆ, ಅವನ ಪರವಾಗಿ ಬಂಧು ಸಹಿ ಮಾಡಬೇಕು. ಈ ನಗರದಲ್ಲಿ ಔಷಧಿ ಪರೀಕ್ಷೆ ಎಂದರೆ ಜನ ಬೆಚ್ಚುವುದಕ್ಕೆ ಕಾರಣವೂ ಇದೆ. ಅಂದಿನ ಗುಂಟೂರು ಜಿಲ್ಲೆಯ ಪಿಡುಗುರಾಳ್ಳದ ಬಡ ಹೆಂಗಸರನ್ನು ಹಣದ ಆಸೆ ತೋರಿಸಿ ಹೈದರಾಬಾದಿಗೆ ಕರೆತಂದು, ಏನೆಂದು ತಿಳಿಸದೆ ಔಷಧಿ ಪ್ರಯೋಗಕ್ಕೆ ಒಳಪಡಿಸಲಾಯಿತೆಂಬ ದೂರು 2011ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿ, ಸರ್ಕಾರಿ ವಿಚಾರಣೆಯೂ ನಡೆಯಿತು. ಆ ಬಳಿಕ ದೇಶದ ನಿಯಮಗಳು ಬಿಗಿಯಾಗಿವೆ. 2009ರಿಂದಲೇ ಪ್ರತಿಯೊಂದು ಔಷಧಿ ಪರೀಕ್ಷೆಯೂ ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು. 2019ರ ನಿಯಮಗಳಂತೆ ನೋಂದಾಯಿತ ನೀತಿ ಸಮಿತಿಯ ಅನುಮತಿ ಬೇಕು, ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು.

ಆದ್ದರಿಂದ ಕಾಗದ ಮುಂದೆ ಬಂದಾಗ ಬಂಧುವಾದವನು ಹೆದರಿ ಹಿಂದೆಸರಿಯಬೇಕಾಗಿಲ್ಲ, ಕಣ್ಣುಮುಚ್ಚಿ ಒತ್ತಬೇಕಾಗಿಯೂ ಇಲ್ಲ. ಜಾಮೀನಿಗೆ ಸಹಿ ಹಾಕುವ ಮುನ್ನ ಯಾವ ಗೃಹಸ್ಥನೂ ಕೇಳುವ ಮಾತುಗಳನ್ನೇ ಇಲ್ಲಿಯೂ ಕೇಳಬೇಕು: ಈ ಪರೀಕ್ಷೆ ನೋಂದಣಿಯಾಗಿದೆಯೇ, ಅದರ ಸಂಖ್ಯೆ ಏನು? ಒಪ್ಪದಿದ್ದರೂ ಮಾಮೂಲು ಚಿಕಿತ್ಸೆ ಯಾವ ಕೊರತೆಯೂ ಇಲ್ಲದೆ ನಡೆಯುವುದೇ? ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಈ ಔಷಧಿಯನ್ನು ರಕ್ತ ಮತ್ತು ಶಸ್ತ್ರಕ್ರಿಯೆಯ ಜೊತೆಗೆ ಕೊಡುತ್ತೀರೋ, ಅವುಗಳ ಬದಲಿಗೋ? ಬದಲಿಗೆ ಎಂಬ ಉತ್ತರ ಬಂದರೆ ಸಹಿ ಬೇಡ. ಜೊತೆಗೆ ಎಂದರೆ, ಉಳಿದ ಉತ್ತರಗಳೂ ಸಮರ್ಪಕವಾಗಿದ್ದರೆ, ಧಾರಾಳವಾಗಿ ಸಹಿ ಮಾಡಬಹುದು. ವೈದ್ಯರಿಗೆ ಬಿಡುವಿಲ್ಲವೆಂಬ ನೆಪವನ್ನು ಒಪ್ಪಬೇಕಾಗಿಲ್ಲ. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಹೊಸ ಔಷಧಿಗಳ ಮಾತು ಏನೇ ಇರಲಿ, ಹರಿದುಹೋದ ರಕ್ತಕ್ಕೆ ರಕ್ತವೇ ಇಂದಿಗೂ ಪರಿಹಾರ. ಸಲೈನನ್ನು ಅತಿಯಾಗಿ ಸುರಿದರೆ ಉಳಿದ ರಕ್ತ ತೆಳುವಾಗಿ ಗರಣೆಗಟ್ಟುವ ಶಕ್ತಿ ಕುಗ್ಗುತ್ತದೆ, ದೇಹ ತಣ್ಣಗಾಗುತ್ತದೆ. ರಕ್ತವನ್ನು ಕಾರ್ಖಾನೆಯಲ್ಲಿ ತಯಾರಿಸುವಂತಿಲ್ಲ. ಹಣಕ್ಕೆ ರಕ್ತ ಮಾರುವ ಪದ್ಧತಿ ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಿಷಿದ್ಧ. ಕೆಂಪು ರಕ್ತಕಣಗಳನ್ನು ಐದಾರು ವಾರಗಳಿಗಿಂತ ಹೆಚ್ಚು ಕಾಲ ಸಂಗ್ರಹಿಸಿಡಲಾಗದು. ಆದ್ದರಿಂದಲೇ ಅನೇಕ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರಿಗೆ 'ದಾನಿಗಳನ್ನು ಕರೆತನ್ನಿ' ಎನ್ನುತ್ತಾರೆ. ಬೀದರದ ಹಳ್ಳಿಯಿಂದ ಇಬ್ಬರೇ ಬಂದಿರುವಾಗ, ಒಬ್ಬನಿಗೆ ಅರವತ್ತೈದು ದಾಟಿರುವಾಗ, ಇನ್ನೊಬ್ಬನಿಗೆ ತೂಕ ಸಾಲದಿರುವಾಗ ದಾನಿಗಳು ಎಲ್ಲಿಂದ ಬರಬೇಕು?

ಹೈದರಾಬಾದಿನ ಕನ್ನಡಿಗರ ಸಂಘಗಳಿಗೆ ಇಲ್ಲಿ ಮಾಡಬಹುದಾದ ಕೆಲಸವಿದೆ. ನಾಡಹಬ್ಬ, ರಾಜ್ಯೋತ್ಸವ, ನಾಟಕ, ಸ್ಮರಣ ಸಂಚಿಕೆ ಇವೆಲ್ಲ ನಡೆಯಲಿ. ಅವುಗಳ ಜೊತೆಗೆ ಸದಸ್ಯರ ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ದೂರವಾಣಿಗಳ ಪಕ್ಕಕ್ಕೆ ಇನ್ನೆರಡು ಕಂಬಗಳನ್ನು ಎಳೆಯಬೇಕು: ರಕ್ತದ ಗುಂಪು, ಕೊನೆಯ ಬಾರಿ ರಕ್ತ ಕೊಟ್ಟ ದಿನಾಂಕ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇದ್ದರೆ ಸಾಕು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರು, ಅಂದರೆ ದೇಹ ತಾನಾಗಿಯೇ ನಿಭಾಯಿಸಬಲ್ಲ 750ಕ್ಕಿಂತ ಬಹಳ ಕಡಿಮೆ. ಪಟ್ಟಿಯನ್ನು ಸಂಚಿಕೆಯಲ್ಲಿ ಅಚ್ಚುಹಾಕಿಸುವ ಅಗತ್ಯವಿಲ್ಲ; ಖಾಸಗಿ ವಿವರಗಳು ಬೀದಿಗೆ ಬೀಳಬಾರದು. ಇಬ್ಬರು ಕಾರ್ಯದರ್ಶಿಗಳ ಬಳಿ ಇದ್ದು, ರಾತ್ರಿ ಎರಡು ಗಂಟೆಗೆ ಬಂದ ಕರೆಗೂ ಅವರಲ್ಲೊಬ್ಬರು ಉತ್ತರಿಸುವಂತಿದ್ದರೆ ಆಯಿತು. ವರ್ಷಕ್ಕೊಮ್ಮೆ, ಸರ್ವಸದಸ್ಯರ ಸಭೆಯ ದಿನ ಜಮಾ-ಖರ್ಚಿನ ಲೆಕ್ಕ ಓದಿದ ಮೇಲೆ, ಎಷ್ಟು ಕರೆ ಬಂದವು, ಎಷ್ಟು ಬಾಟಲಿ ಕೊಡಲಾಯಿತು ಎಂಬುದನ್ನೂ ಅದೇ ಕಾರ್ಯದರ್ಶಿ ಓದಿ ಹೇಳಲಿ.